ಹಿಮದಲ್ಲಿ ರಬ್ಬರ್ ಕೋವಿ

ಕುವೈತಿನ ಸುಲೈಬಿಯಾದ ಒಂದು ಕೋಲ್ಡ್ ಸ್ಟೋರಿನಲ್ಲಿ ಈಗ ನನಗೆ ಕೆಲಸ. ಹೊರಗೆ ಐವತ್ತು ಡಿಗ್ರಿ ಬಿಸಿಲು, ಒಳಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ನಡುವೆ ಒಂದು ದೊಡ್ಡ ಬಾಗಿಲು, ಆ ಬಾಗಿಲಿಗೆ ಅಗಲವಾದ ಪ್ಲಾಸ್ಟಿಕ್ ಪಟ್ಟಿಗಳ ಪರದೆ. ಹೊಸಬರು ಅದನ್ನು ಮೆತ್ತಗಿನ ಪರದೆ ಅಂದುಕೊಂಡು ಮುಖ ಮುಂದೆ ಮಾಡಿ ನುಗ್ಗುತ್ತಾರೆ. ಹೋದ ವಾರ ನನ್ನ ಮುಂದೆ ಹೋದವನ ಕೈ ತಪ್ಪಿ ಒಂದು ಪಟ್ಟಿ ಹಿಂದಕ್ಕೆ ಚಿಮ್ಮಿ ನನ್ನ ದವಡೆಗೆ ಬಡಿಯಿತು. ಚಳಿಗೆ ಸೆಟೆದ ಪಟ್ಟಿ, ಹಲಗೆಯ ಹಾಗೆ ಗಟ್ಟಿ. ನೋವು ಗೊತ್ತಾಗುವ ಮೊದಲೇ ಮೂಗಿಗೆ ವಾಸನೆ ಬಂತು, ಹೆಪ್ಪುಗಟ್ಟಿದ ರಬ್ಬರಿನ ವಾಸನೆ. ಕೈಯಲ್ಲಿದ್ದ ಕೋಳಿಯ ಪೆಟ್ಟಿಗೆಯನ್ನು ಅಲ್ಲೇ ಇಟ್ಟು ಹೊರಗೆ ಬಂದು ಬಿಸಿಲಿನಲ್ಲಿ ಕುಳಿತುಬಿಟ್ಟೆ. ಸೂಪರ್‌ವೈಸರ್ ಬಂದು ಬೈದ. ಬೈಯಲಿ ಅಂತ ಕುಳಿತೇ ಇದ್ದೆ.

ಮೂರು ವರ್ಷದ ಹಿಂದಿನ ಜನವರಿಯಲ್ಲಿ ನಾನು ಒಂದು ಮಾತು ಆಡಿದ್ದರೆ ಒಬ್ಬನ ದವಡೆ ಉಳಿಯುತ್ತಿತ್ತು. ಆ ದಿನ ಬಾಯಿ ಬರಲಿಲ್ಲ ಅಂದರೂ, ಆಮೇಲಾದರೂ ಆಡಿದ್ದರೆ ಇನ್ನೊಬ್ಬನಿಗೆ ನೆಮ್ಮದಿಯ ಸಾವಾದರೂ ಬರುತ್ತಿತ್ತು. ಎರಡೂ ಆಗಲಿಲ್ಲ. ಯಾರೋ ತಡೆದರು ಅಂತ ಹೇಳಿಕೊಳ್ಳುವ ಹಾಗೂ ಇಲ್ಲ. ಆ ಚಳಿಗಾಲದ ಕಥೆ ಇದು.

ನಾನು ಉಳ್ಳಾಲದ ಕಡೆಯ ಬ್ಯಾರಿ. ಹೆಸರು ಹನೀಫ್. ಮರಗೆಲಸದವನಾಗಿ ಕುವೈತಿಗೆ ಬಂದವನು ಹೇಗೋ ಹೋಗಿ ಟಿವಿ ಸೀರಿಯಲ್ ಮಾಡುವ ಒಂದು ಕಂಪನಿ ಸೇರಿಕೊಂಡೆ. ರಮ್ಜಾನ್ ತಿಂಗಳಲ್ಲಿ ಇಡೀ ಅರಬ್ ಲೋಕ ಕುಳಿತು ನೋಡುವ ಸೀರಿಯಲ್‌ಗಳಿಗೆ ಕತ್ತಿ, ಕೋವಿ, ಪೆಟ್ಟಿಗೆ, ಹಡಗಿನ ಚುಕ್ಕಾಣಿ ಎಲ್ಲ ಮಾಡಿ ಕೊಡುವುದು ನನ್ನ ಕೆಲಸ. ಹೊಡೆದಾಟದ ದೃಶ್ಯಗಳಿಗೆ ಮೆತ್ತಗಿನ ಕೋವಿ ಬೇಕು. ಒಳಗೆ ಕಬ್ಬಿಣದ ಸಣ್ಣ ಪೈಪು ಇಟ್ಟು, ಹಿಡಿಯ ಭಾಗಕ್ಕೆ ರಬ್ಬರ್ ಎರಕ ಹೊಯ್ದು, ಮರದ ಬಣ್ಣ ಬಳಿದರೆ ಒಂದು ಗೇಣು ದೂರದಿಂದಲೂ ಅಸಲಿಯೋ ನಕಲಿಯೋ ಗೊತ್ತಾಗುವುದಿಲ್ಲ. ಆ ವಿಷಯದಲ್ಲಿ ನನಗೆ ಸ್ವಲ್ಪ ಅಹಂಕಾರವೇ ಇತ್ತು. ನಾನೇ ಮಾಡಿಕೊಂಡ ಒಂದು ಪದ್ಧತಿಯೂ ಇತ್ತು. ಪೆಟ್ಟು ತಿನ್ನಬೇಕಾದವನ ಎದುರು ನಿಂತು ಆ ಕೋವಿಯಿಂದ ನನ್ನ ತೊಡೆಗೆ ನಾನೇ ಮೂರು ಸಲ ಜೋರಾಗಿ ಬಾರಿಸಿಕೊಳ್ಳುವುದು, ಆಮೇಲೆ ಅವನ ಕೈಗೆ ಕೊಟ್ಟು ನನ್ನ ಬೆನ್ನಿಗೆ ಒಂದು ಹೊಡೆಸಿಕೊಳ್ಳುವುದು. ಅಷ್ಟು ಆದ ಮೇಲೆಯೇ ಶಾಟ್. ಹೀಗಾಗಿ ನನ್ನ ಕೋವಿ ಅಂದರೆ ಯಾರೂ ಹೆದರುತ್ತಿರಲಿಲ್ಲ.

ಲೋಕೇಶನ ಪರಿಚಯ ಆಗಿದ್ದೂ ಹಾಗೇ. ಬಜ್ಪೆಯ ಹುಡುಗ, ಸಾಲ್ಮಿಯಾದ ಒಂದು ಜಿಮ್ಮಿನಲ್ಲಿ ಟ್ರೈನರ್. ನಮ್ಮ ಹೀರೋನಷ್ಟೇ ಎತ್ತರ, ಅವನದೇ ಭುಜ. ಹೀರೋ ತಿನ್ನಬೇಕಾದ ಪೆಟ್ಟುಗಳನ್ನೆಲ್ಲ ನಾಲ್ಕು ವರ್ಷದಿಂದ ಲೋಕು ತಿನ್ನುತ್ತಿದ್ದ. ಆದರೆ ನಮ್ಮ ಊರಿನವರಿಗೆ ಅವನು ಗೊತ್ತಿದ್ದದ್ದು ಬೇರೆ ಕಾರಣಕ್ಕೆ. ನಮ್ಮವರೇ ಹೆಚ್ಚಿರುವ ಅಬ್ಬಾಸಿಯಾದಲ್ಲಿ ಕಬಡ್ಡಿ ಪಂದ್ಯ ಆದರೆ ಮೈಕ್ ಅವನ ಕೈಯಲ್ಲಿ. ತುಳು, ಕನ್ನಡ, ನಡುನಡುವೆ ಹಿಂದಿ, ನಾಲಗೆಗೆ ಎಣ್ಣೆ ಹಚ್ಚಿದ ಹಾಗೆ ಓಡುತ್ತಿತ್ತು ಅವನ ಮಾತು. ಆಟ ನೋಡಲು ಬಂದವರಿಗಿಂತ ಅವನ ಕಾಮೆಂಟರಿ ಕೇಳಲು ಬಂದವರೇ ಜಾಸ್ತಿ.

ಆ ವರ್ಷದ ಸೀರಿಯಲ್ಲಿನಲ್ಲಿ ಒಬ್ಬ ಕುವೈತಿ ಕುದುರೆ ವ್ಯಾಪಾರಿ ಉತ್ತರದ ಹಿಮದ ನಾಡಿನಲ್ಲಿ ಡಕಾಯಿತರ ಕೈಗೆ ಸಿಕ್ಕಿಬೀಳುತ್ತಾನೆ. ಡಕಾಯಿತರ ನಾಯಕನ ಪಾತ್ರ ಅಬು ತಲಾಲ್ ಅವರದು. ಎಪ್ಪತ್ತರ ಹತ್ತಿರದ ಕುವೈತಿ, ಮೂವತ್ತು ವರ್ಷದಿಂದ ವಿಲನ್. ಅವರನ್ನು ಕಂಡರೆ ಬೀದಿಯ ಮಕ್ಕಳು ಅಳುತ್ತಿದ್ದವು. ನಿಜವಾಗಿ ನೋಡಿದರೆ ಇರುವೆಯನ್ನೂ ದಾಟಿ ನಡೆಯುವ ಮನುಷ್ಯ. ಅವರ ಅಪ್ಪ ಹಾಯಿ ಹಡಗಿನಲ್ಲಿ ಮಂಗಳೂರಿನಿಂದ ಹಂಚು, ಮರ ತರುತ್ತಿದ್ದರಂತೆ. ಅದಕ್ಕೇ ನಮ್ಮಿಬ್ಬರ ಮೇಲೆ ಅವರಿಗೆ ಸಲಿಗೆ. ಅಪ್ಪನಿಂದ ಕಲಿತ ಮುರುಕು ಹಿಂದಿಯಲ್ಲಿ ಲೋಕುವಿನ ಜೊತೆ ಹರಟುತ್ತಿದ್ದರು. ಲೋಕು ಅವರನ್ನು ಚಾಚಾ ಅನ್ನುತ್ತಿದ್ದ.

ನಿರ್ದೇಶಕನನ್ನು ಎಲ್ಲರೂ ಉಸ್ತಾದ್ ಅನ್ನುತ್ತಿದ್ದರು. ಕುವೈತಿಯಲ್ಲ, ಹೊರಗಿನಿಂದ ಕರೆಸಿದವನು. ಕೆಲಸ ಬಲ್ಲವನೇ, ಆದರೆ ಅವನಿಗೆ ಕೈ ಮೊದಲು, ಮಾತು ಆಮೇಲೆ.

ನಾವು ನಲವತ್ತು ಜನ ಜಾರ್ಜಿಯಾ ದೇಶಕ್ಕೆ ಹೋಗಿ ಇಳಿದು, ಅಲ್ಲಿಂದ ಇಡೀ ದಿನ ವ್ಯಾನಿನಲ್ಲಿ ಉತ್ತರಕ್ಕೆ ಹತ್ತಿದೆವು. ಕೊನೆಗೆ ಸಿಕ್ಕಿದ್ದು ಹತ್ತಿಪ್ಪತ್ತು ಮನೆಗಳ ಹಳ್ಳಿ, ಮನೆಗೊಂದು ಕಲ್ಲಿನ ಗೋಪುರ, ಸುತ್ತಲೂ ಹಿಮದ ಗೋಡೆ. ಮೊದಲ ದಿನ ನಲವತ್ತು ಜನರೂ ಹಿಮ ಉಂಡೆ ಮಾಡಿ ಎಸೆದಾಡಿದೆವು. ಹಿಮದಲ್ಲಿ ನಮ್ಮ ಗಾಡಿ ಹೂತಾಗ ಕುವೈತಿ ಡ್ರೈವರ್ ಇಳಿದು, ಮರಳಿನಲ್ಲಿ ಮಾಡುವ ಹಾಗೆ ಟಯರಿನ ಅರ್ಧ ಗಾಳಿ ಬಿಟ್ಟ. ಗಾಡಿ ಹೊರಗೆ ಬಂತು! ಊರಿನವರು ಬಾಯಿ ಬಿಟ್ಟುಕೊಂಡು ನೋಡಿದರು. ಅಲ್ಲಿಂದ ನಮಗೆ ಕೊಬ್ಬು ಹತ್ತಿತು. ಮರಳೇನು, ಹಿಮವೇನು, ಎಲ್ಲ ಒಂದೇ, ನಮಗೆ ಗೊತ್ತಿಲ್ಲದ್ದು ಏನಿದೆ ಅನ್ನುವ ಕೊಬ್ಬು.

ಮೂರನೇ ದಿನ ಕುದುರೆ ಬಿತ್ತು. ಹೆಪ್ಪುಗಟ್ಟಿದ ತೊರೆಯ ಮೇಲೆ ಓಡಿಸಬೇಡಿ ಅಂತ ಅದರ ಯಜಮಾನ ಕೈ ಬೀಸಿ ಬೀಸಿ ಹೇಳಿದ್ದ. ಉಸ್ತಾದ್ ಓಡಿಸಿದ. ಮುಂಗಾಲು ಮುರಿದು ಎಲುಬು ಚರ್ಮ ಹರಿದು ಹೊರಗೆ ಬಂತು. ಆ ಪ್ರಾಣಿ ಕೂಗಿದ್ದು ಇವತ್ತಿಗೂ ಕಿವಿಯಲ್ಲಿದೆ. ಯಜಮಾನ ಅಳುತ್ತಾ ಮನೆಗೆ ಓಡಿ, ಅಸಲಿ ಕೋವಿ ತಂದು, ಹಣೆಗೆ ಇಟ್ಟು ಹೊಡೆದ. ಉಸ್ತಾದ್ ಕ್ಯಾಮರಾದವನಿಗೆ ನಿಲ್ಲಿಸಬೇಡ ಅಂತ ಸನ್ನೆ ಮಾಡಿದ್ದನ್ನು ನಾನೂ ನೋಡಿದೆ, ಆ ಯಜಮಾನನೂ ನೋಡಿದ. ಕೋವಿ ಬಿಸಾಡಿ ನೇರ ಬಂದು ಉಸ್ತಾದನ ಮೂಗಿಗೆ ಮುಷ್ಟಿಯಿಂದ ಗುದ್ದಿದ. ಅವನ ತಮ್ಮಂದಿರು ಬಂದರು, ನಮ್ಮ ಡ್ರೈವರುಗಳು ಟಯರಿನ ಸರಪಳಿ ಎತ್ತಿಕೊಂಡರು. ಒಬ್ಬನ ಕೈ ಮುರಿಯಿತು, ಇಬ್ಬರ ತಲೆ ಒಡೆಯಿತು. ಎಲ್ಲ ತಣ್ಣಗಾದ ಮೇಲೆ ಉಸ್ತಾದ್ ಒಂದು ಹಿಡಿ ಹಿಮದಲ್ಲಿ ಮೂಗು ಒರೆಸಿಕೊಂಡು, ಆ ಕೆಂಪು ಹಿಮವನ್ನು ಮೇಕಪ್‌ನವನ ಮುಂದೆ ಹಿಡಿದ.

"ನೋಡು, ನನಗೆ ಬೇಕಾದ ಬಣ್ಣ ಇದು. ನೀನು ಹಚ್ಚುವುದು ಶರಬತ್ತು."

ನಾವು ಕೆಲವರು ನಕ್ಕೆವು. ಹೆದರಿಕೆಗೂ ನಗು ಬರುತ್ತದೆ.

ಐದನೇ ದಿನದ್ದು ಇನ್ನೂ ಹೊಲಸು. ಶಾಟ್ ನಡೆಯುತ್ತಿರುವಾಗ ಸೌಂಡ್ ಹಿಡಿಯುವ ಈಜಿಪ್ಟಿನವನು ಕೈ ಎತ್ತಿದ. ಚಳಿಗೆ ಅವನ ಬ್ಯಾಟರಿ ಸತ್ತಿತ್ತು. ಉಸ್ತಾದ್ ಹಿಮ ತುಳಿಯುತ್ತಾ ಅವನ ಹತ್ತಿರ ಹೋಗಿ ಕಪಾಳಕ್ಕೆ ಬಾರಿಸಿದ. ಕಿವಿಯಿಂದ ಬಿದ್ದ ಹೆಡ್‌ಫೋನ್ ಎತ್ತಿಕೊಳ್ಳಲು ಅವನು ಬಗ್ಗಿದಾಗ ಬೂಟುಗಾಲಿನಿಂದ ಪಕ್ಕೆಗೆ ಒದ್ದ.

"ಇನ್ನು ಮೇಲೆ ನನ್ನ ಶಾಟ್ ನಿಲ್ಲಿಸುವವನು ಇಲ್ಲಿಂದ ನಡೆದುಕೊಂಡೇ ಕುವೈತಿಗೆ ಹೋಗುತ್ತಾನೆ. ಕೇಳಿಸಿತಾ?"

ನಲವತ್ತು ಜನಕ್ಕೂ ಕೇಳಿಸಿತು. ಅಬು ತಲಾಲ್ ಒಬ್ಬರೇ ಹೋಗಿ ಬಿದ್ದವನನ್ನು ಎಬ್ಬಿಸಿ, ಅವನ ಕೋಟಿನ ಹಿಮ ಕೊಡವಿ, ತಮ್ಮ ಫ್ಲಾಸ್ಕಿನಿಂದ ಏಲಕ್ಕಿ ಚಹಾ ಕೊಟ್ಟರು. ನಾವು ಉಳಿದವರು ನಮ್ಮ ನಮ್ಮ ಬೂಟು ನೋಡುತ್ತಾ ನಿಂತಿದ್ದೆವು.

ಆ ಸಂಜೆ ಗಾಳಿ ಎದ್ದಿತು. ಶೂಟಿಂಗ್ ಜಾಗ ಹಳ್ಳಿಯಿಂದ ಮೇಲೆ, ನಾವು ಉಳಿದಿದ್ದ ಮನೆ ಕೆಳಗೆ. ಸಾಮಾನಿನ ಲಾರಿಯನ್ನು ಮೇಲೆಯೇ ಬಿಟ್ಟು ಜೀವ ಉಳಿಸಿಕೊಂಡು ಇಳಿದೆವು. ಅದುವರೆಗೆ ಪ್ರತಿ ರಾತ್ರಿ ನಾನು ಕೋವಿಗಳನ್ನು ಅಡಿಗೆಮನೆಯ ಒಲೆಯ ಪಕ್ಕ ನಿಲ್ಲಿಸುತ್ತಿದ್ದೆ. ಬಣ್ಣಕ್ಕೆ ತೇವ ತಾಗಬಾರದು ಅಂತ ಅಷ್ಟೇ, ಬೇರೆ ಬುದ್ಧಿವಂತಿಕೆ ಅದರಲ್ಲಿ ಇರಲಿಲ್ಲ. ಆ ಎರಡು ದಿನ ಅವು ಲಾರಿಯಲ್ಲೇ ಉಳಿದವು. ಮನೆಯ ಮುದುಕಿ ಬೆರಳು ತೋರಿಸಿ ಹೇಳಿದ್ದು ಮೈನಸ್ ಇಪ್ಪತ್ತೈದು ಅಂತ.

ಆ ಎರಡು ದಿನ ಒಳಗೇ ಕುಳಿತು ಬೇಜಾರು ಹತ್ತಿ, ಲೋಕು ಎಲ್ಲರ ನಕಲು ಮಾಡಿ ನಗಿಸಿದ. ಉಸ್ತಾದನದು ಮಾಡಿದ, ನನ್ನದು ಮಾಡಿದ. ಕೊನೆಗೆ ಅಬು ತಲಾಲ್ ಅವರ ನಡಿಗೆ. ಮೂಲವ್ಯಾಧಿಯ ಮನುಷ್ಯ ಕುದುರೆಯಿಂದ ಇಳಿಯುವುದು ಹೇಗೆ ಅಂತ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಅಬು ತಲಾಲ್ ಕೂಡ ನಕ್ಕು, ಕಣ್ಣು ಒರೆಸಿಕೊಂಡು, "ನಾಳೆ ನಿನಗೆ ತೋರಿಸುತ್ತೇನೆ, ಬೇಟಾ" ಅಂದರು. ತಮಾಷೆಗೆ ಅಂದ ಮಾತು. ಅದು ಆಮೇಲೆ ಏನಾಗಿ ನಿಂತಿತು ನೋಡಿ.

ಎಂಟನೇ ದಿನ ಬಿಸಿಲು ಬಂತು. ಉಸ್ತಾದ್‌ಗೆ ಹೋದ ಎರಡು ದಿನವನ್ನು ಒಂದೇ ದಿನದಲ್ಲಿ ಹಿಂದೆ ತರುವ ಅವಸರ. ಮಧ್ಯಾಹ್ನದ ಮೇಲೆ ದೊಡ್ಡ ದೃಶ್ಯ. ಸೆರೆಸಿಕ್ಕ ವ್ಯಾಪಾರಿಯ ಕೈಯನ್ನು ಹಿಂದಕ್ಕೆ ಕಟ್ಟಿ, ಕಣ್ಣಿಗೆ ಬಟ್ಟೆ ಕಟ್ಟಿ ಮಂಡಿಯ ಮೇಲೆ ಕೂರಿಸಿದ್ದಾರೆ. ನಾಯಕ ಕೋವಿಯನ್ನು ತಿರುಗಿಸಿ ಹಿಡಿದು ಅದರ ಹಿಡಿಯಿಂದ ಮುಖಕ್ಕೆ ಹೊಡೆಯುತ್ತಾನೆ. ಕಣ್ಣಿಗೆ ಬಟ್ಟೆ ಇರುವುದರಿಂದ ಹೀರೋನ ಬದಲು ಲೋಕು ಸಾಕು.

ರಿಹರ್ಸಲ್ ಅಬು ತಲಾಲ್ ಅವರ ಊರುಗೋಲಿನಲ್ಲೇ ಆಯಿತು. ಅವರು ಬೀಸುವುದು, ಲೋಕುವಿನ ಕೆನ್ನೆಯಿಂದ ಗೇಣು ದೂರದಲ್ಲಿ ನಿಲ್ಲಿಸುವುದು. ಉಸ್ತಾದ್ ಮೈಕಿನಲ್ಲಿ ಕಿರುಚಿದ.

"ಏನು, ಮೊಮ್ಮಗನಿಗೆ ಸ್ನಾನ ಮಾಡಿಸುತ್ತಿದ್ದೀರಾ? ಕೋವಿ ರಬ್ಬರಿನದು ಕಣ್ರೀ! ಕೊಲ್ಲುವ ಹಾಗೆ ಹೊಡೀರಿ! ಬೆಳಕು ಹೋಗ್ತಾ ಇದೆ, ಯಲ್ಲಾ! ಹನೀಫ್, ಕೋವಿ!"

ಲಾರಿಗೆ ಓಡಿದೆ. ಬಾಗಿಲ ಮಂಜು ಕೆರೆದು ತೆಗೆದು ಒಂದು ಕೋವಿ ಎಳೆದುಕೊಂಡೆ. ಇಳಿಯುವಾಗ ಅದರ ಹಿಡಿ ಲಾರಿಯ ಕಬ್ಬಿಣದ ಮೆಟ್ಟಿಲಿಗೆ ತಾಗಿತು. ಟಕ್ ಅಂದಿತು.

ರಬ್ಬರ್ ಟಕ್ ಅನ್ನುವುದಿಲ್ಲ. ಗವಸು ತೆಗೆದು ಹೆಬ್ಬೆರಳಿನಿಂದ ಒತ್ತಿದೆ. ಒಂದು ಚೂರೂ ತಗ್ಗಲಿಲ್ಲ, ಕಲ್ಲು. ಕುವೈತಿನ ಆಗಸ್ಟ್ ತಿಂಗಳಲ್ಲಿ, ಚಪ್ಪಲಿ ಡಾಂಬರಿಗೆ ಅಂಟಿಕೊಳ್ಳುವ ಸೆಖೆಯಲ್ಲಿ ಎರಕ ಹೊಯ್ದು ಪರೀಕ್ಷೆ ಮಾಡಿದ ಕೋವಿ ಅದು. ರಬ್ಬರ್ ಬಿಸಿಲಿಗೆ ಕರಗುತ್ತದೆ ಅಂತ ನಮಗೆ ಗೊತ್ತು. ಚಳಿಗೆ ಕಲ್ಲಾಗುತ್ತದೆ ಅಂತ ನಮ್ಮಲ್ಲಿ ಯಾವನಿಗೆ ಗೊತ್ತಿತ್ತು? ಅಷ್ಟರವರೆಗೆ ಅದು ತಿಳಿಯದೆ ಆದ ತಪ್ಪು. ಅಲ್ಲಿಂದ ಮುಂದಿನದು ನನ್ನದು.

ಲಾರಿಯಿಂದ ಲೋಕು ಕುಳಿತಿದ್ದ ಜಾಗಕ್ಕೆ ಮೂವತ್ತು ಹೆಜ್ಜೆ ಇರಬಹುದು. ಆ ಮೂವತ್ತು ಹೆಜ್ಜೆಯಲ್ಲಿ ನಾನು ಎಷ್ಟೆಲ್ಲ ಯೋಚಿಸಿದೆ! ಸ್ವಲ್ಪ ನಿಲ್ಲಿ, ಒಲೆಗೆ ಹಿಡಿದು ತರುತ್ತೇನೆ ಅನ್ನಬೇಕು. ಅಂದರೆ ಶಾಟ್ ನಿಲ್ಲುತ್ತದೆ. ನಿಲ್ಲಿಸಿದವನ ಪಕ್ಕೆಗೆ ಬಿದ್ದ ಬೂಟು ಕಣ್ಣ ಮುಂದೆ ಬಂತು. ನಲವತ್ತು ಜನರ ಎದುರು, ಈ ವಯಸ್ಸಿನಲ್ಲಿ ಕಪಾಳಕ್ಕೆ ತಿನ್ನುವುದೇ? ಕುವೈತಿನಲ್ಲಿ ಇರಲು ಬೇಕಾದ ಇಕಾಮಾ ಪರವಾನಗಿ ಕೂಡ ಅದೇ ಕಂಪನಿಯದು. ಅಬು ತಲಾಲ್ ಹೇಗಿದ್ದರೂ ಮೆತ್ತಗೆ ಹೊಡೆಯುವ ಮನುಷ್ಯ, ಏನೂ ಆಗಲಿಕ್ಕಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ.

ಲೋಕುವಿಗೆ ಹಿಮದ ಮೇಲೆ ನನ್ನ ಹೆಜ್ಜೆ ಸದ್ದು ಕೇಳಿಸಿತು. ಕಣ್ಣಿಗೆ ಬಟ್ಟೆ ಇದ್ದರೂ ತಲೆ ತಿರುಗಿಸಿದ. ನಾವು ಮಾತಾಡುವುದು ತುಳುವಿನಲ್ಲಿ, ಕನ್ನಡದಲ್ಲಿ ಹೇಳಿದರೆ ಹೀಗೆ:

"ಹನೀಫಾಕ, ಸರಿ ಉಂಟಲ್ಲ?"

"ಸರಿ ಉಂಟು ಮಾರಾಯ."

"ತೊಡೆಗೆ ಹೊಡ್ಕೊಂಡದ್ದು ಕೇಳ್ಳೇ ಇಲ್ಲ?"

"ಆಗಲೇ ಹೊಡ್ಕೊಂಡೆ, ಲಾರಿ ಹತ್ರ."

ಹೊಡೆದುಕೊಂಡಿರಲಿಲ್ಲ. ಯಾಕೆ ಅಂದರೆ ನನಗೆ ನೋವಾಗುತ್ತದೆ ಅಂತ ನನಗೆ ಗೊತ್ತಿತ್ತು.

ಅಬು ತಲಾಲ್ ದಪ್ಪ ತುಪ್ಪಳದ ಗವಸು ಹಾಕಿದ್ದರು. ಕೋವಿಯನ್ನು ಪೈಪಿನ ಕಡೆಯಿಂದ ಹಿಡಿದುಕೊಂಡು ನನ್ನ ಮುಖ ನೋಡಿದರು. "ಯಾ ಹನೀಫ್, ಜೋರಾಗಿ ಹೊಡೆದರೂ ಪರವಾಗಿಲ್ಲವಾ?" ಅಂತ ಕೇಳಿದರು. ನಾನು ತಲೆ ಆಡಿಸಿದೆ. ಬಾಯಿಯಿಂದ ಹೇಳಲಿಲ್ಲ, ಬರೀ ತಲೆ ಆಡಿಸಿದೆ. ಅಷ್ಟರಲ್ಲಿ ಉಸ್ತಾದ್ ಕಿರುಚಿದ, ಎಲ್ಲರೂ ಹಿಂದೆ ಸರಿದೆವು.

ಅವರು ನನ್ನನ್ನು ನಂಬಿ ಹೊಡೆದರು. ಮೂವತ್ತು ವರ್ಷ ವಿಲನ್ ಆಗಿ ನಟಿಸಿದವರು ಮೊದಲ ಸಲ ಇಡೀ ಮೈ ತಿರುಗಿಸಿ ಹೊಡೆದರು. ಒಣ ಕೊಂಬೆ ಮುರಿದ ಸದ್ದು. ಲೋಕು ಪಕ್ಕಕ್ಕೆ ಹಾರಿ ಬಿದ್ದ. ಕೈ ಹಿಂದೆ ಕಟ್ಟಿದ್ದರಿಂದ ಮುಖವೇ ಹಿಮಕ್ಕೆ ಬಡಿಯಿತು. ಬಾಯಿಯಿಂದ ರಕ್ತ ಬಳಬಳ ಬಂದು ಹಿಮ ತೂತಾಯಿತು, ಜೊತೆಗೆ ಬಿಳಿಯ ಎರಡು ಮೂರು ಚೂರು, ಹಲ್ಲು. ಕಾಲು ಹಿಮವನ್ನು ಒದೆಯುತ್ತಿತ್ತು. ಉಸ್ತಾದ್ "ಮುಮ್ತಾಜ್! ಅದ್ಭುತ! ನಿಲ್ಲಿಸಬೇಡಿ!" ಅಂತ ಕೂಗುತ್ತಲೇ ಇದ್ದ. ಅಬು ತಲಾಲ್ ಕೋವಿ ಬಿಸಾಡಿ ಮಂಡಿಯೂರಿ ಲೋಕುವಿನ ತಲೆ ಎತ್ತಿದರು. ಅವನ ಕೆಳದವಡೆ ಒಂದು ಕಡೆಗೆ ಜೋತು ಬಿದ್ದಿತ್ತು. ಆಗಲೂ ಕ್ಯಾಮರಾ ಓಡುತ್ತಿತ್ತು. ಎರಡು ತಿಂಗಳ ಮೇಲೆ ರಮ್ಜಾನಿನಲ್ಲಿ ಆ ಶಾಟನ್ನು ಅರಬ್ ಲೋಕವೆಲ್ಲ ನೋಡಿತು. ಎಂಥ ನಟನೆ ಅಂದರಂತೆ.

ಕೆಳಗಿನ ಪಟ್ಟಣದ ಆಸ್ಪತ್ರೆಗೆ ವ್ಯಾನಿನಲ್ಲಿ ನಾಲ್ಕು ಗಂಟೆ. ಲೋಕುವಿನ ತಲೆ ನನ್ನ ತೊಡೆಯ ಮೇಲೆ. ರಕ್ತ ಗಂಟಲಿಗೆ ಇಳಿಯದ ಹಾಗೆ ಅವನ ಮುಖ ಓರೆ ಮಾಡಿ ಹಿಡಿದಿದ್ದೆ. ಮುಂದಿನ ಸೀಟಿನಲ್ಲಿ ಅಬು ತಲಾಲ್ ಗವಸು ತೆಗೆದು ಬಲಗೈಯನ್ನೇ ನೋಡುತ್ತಿದ್ದರು. "ಇದೇ ಕೈ, ಇದೇ ಕೈ" ಅನ್ನುತ್ತಿದ್ದರು. ದವಡೆ ಎರಡು ಕಡೆ ಮುರಿದಿದೆ, ನಾಲ್ಕು ಹಲ್ಲು ಹೋಗಿದೆ, ನರಕ್ಕೂ ಪೆಟ್ಟಾಗಿದೆ ಅಂದರು ಡಾಕ್ಟರು. ತಂತಿ ಹಾಕಿ ಬಾಯಿ ಬಿಗಿದರು. ಮರುದಿನ ಕಂಪನಿಯ ಮ್ಯಾನೇಜರ್ ಒಂದು ಕಾಗದ ತಂದ. ಕೆಲಸದ ನಡುವೆ ಹಿಮದಲ್ಲಿ ಕಾಲು ಜಾರಿ ಬಿದ್ದ ಅಂತ ಬರೆದಿತ್ತು. ಕಣ್ಣಾರೆ ಕಂಡವರು ಅನ್ನುವ ಜಾಗದಲ್ಲಿ ನಾನು ಸಹಿ ಹಾಕಿದೆ.

ಇಷ್ಟಾದರೂ ದೇವರು ನನಗೆ ಇನ್ನೊಂದು ಬಾಗಿಲು ತೆರೆದ. ಅವತ್ತು ಸಂಜೆ ಹಳ್ಳಿಗೆ ಮರಳಿದಾಗ ಆ ಕೋವಿ ಅಡಿಗೆಮನೆಯ ಒಲೆಯ ಪಕ್ಕದಲ್ಲಿತ್ತು, ಯಾರೋ ತಂದು ಇಟ್ಟಿದ್ದರು. ಅಬು ತಲಾಲ್ ಬಂದು ಅದನ್ನು ಎತ್ತಿಕೊಂಡರು. ಹೆಬ್ಬೆರಳಿನಿಂದ ಹಿಡಿಯನ್ನು ಒತ್ತಿ ನೋಡಿದರು. ಮೆತ್ತಗಿತ್ತು. ಒಂದು ದಿನ ಒಂದು ರಾತ್ರಿ ಒಲೆಯ ಬಿಸಿಗೆ ಮತ್ತೆ ರಬ್ಬರ್ ಆಗಿಬಿಟ್ಟಿತ್ತು. ಇನ್ನೊಮ್ಮೆ ಒತ್ತಿದರು. ತಮ್ಮ ಮಂಡಿಗೆ ಹೊಡೆದುಕೊಂಡು ನೋಡಿದರು.

"ಹನೀಫ್, ಇದು ಮೆತ್ತಗಿದೆಯಲ್ಲ."

"ಹೌದು."

"ಹಾಗಾದರೆ ನನ್ನ ಕೈ."

ಅವತ್ತು ನನಗೆ ಉಸ್ತಾದನ ಹೆದರಿಕೆಯೂ ಇರಲಿಲ್ಲ, ಅವನು ಆ ಕೋಣೆಯಲ್ಲೇ ಇರಲಿಲ್ಲ. ಆದರೂ ಹೇಳಲಿಲ್ಲ. ಹೇಳದೆ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಅಂತ ಆ ಕ್ಷಣದಲ್ಲಿ ತಿಳಿಯಿತು, ಅಷ್ಟೇ. ಇಂಥ ನೀಚ ನನ್ನೊಳಗೆ ಇದ್ದಾನೆ ಅಂತ ಗೊತ್ತಾಗಿದ್ದೂ ಅವತ್ತೇ.

ಕುವೈತಿಗೆ ಬಂದ ಮೇಲೆ ಲೋಕು ಎರಡು ತಿಂಗಳು ಸ್ಟ್ರಾದಲ್ಲಿ ಗಂಜಿ ಕುಡಿದ. ತಂತಿ ಬಿಚ್ಚಿದ ಮೇಲೆ ಮಾತು ಬಂತು, ಆದರೆ ತುಟಿಯ ಒಂದು ಬದಿ ಸತ್ತೇ ಹೋಗಿತ್ತು. ಮಾತು ಬಾಯಿಂದ ಜಾರಿ ಬೀಳುತ್ತಿತ್ತು. ಒಮ್ಮೆ ಕಬಡ್ಡಿ ಪಂದ್ಯದಲ್ಲಿ ಯಾರೋ ಪ್ರೀತಿಯಿಂದ ಮೈಕ್ ಕೊಟ್ಟರು. ಎರಡು ವಾಕ್ಯಕ್ಕೆ ಕೆಳಗೆ ಕುಳಿತವರು ಪಿಸುಗುಟ್ಟಿದರು. ಮೈಕನ್ನು ನೆಲಕ್ಕೆ ಅಪ್ಪಳಿಸಿ ಎದ್ದು ಹೋದವನು ಮತ್ತೆ ಆ ಮೈದಾನಕ್ಕೆ ಬರಲಿಲ್ಲ.

ಅವನ ಸಿಟ್ಟೆಲ್ಲ ಅಬು ತಲಾಲ್ ಮೇಲೆ. "ನಡಿಗೆ ನಕಲು ಮಾಡಿದ್ದಕ್ಕೆ ಮುದುಕ ಸೇಡು ತೀರಿಸಿದ. ನಾಳೆ ತೋರಿಸ್ತೇನೆ ಅಂತ ಹೇಳಿದ್ದು ನೀವೂ ಕೇಳಿದ್ದೀರಲ್ಲ ಹನೀಫಾಕ? ರಬ್ಬರ್ ಕೋವಿಯಲ್ಲಿ ದವಡೆ ಮುರೀಬೇಕಾದ್ರೆ ಎಷ್ಟು ದ್ವೇಷ ಬೇಕು!" ನಾನು ಅವನಿಗೆ ಗಂಜಿ ಬಡಿಸುತ್ತಾ ಹೂಂ ಅನ್ನುತ್ತಿದ್ದೆ.

ಲೋಕುವನ್ನು ನೋಡಲು ಅಬು ತಲಾಲ್ ಅಬ್ಬಾಸಿಯಾದ ಅವನ ರೂಮಿಗೆ ಮೂರು ಸಲ ಬಂದರು. ಲಿಫ್ಟ್ ಕೆಟ್ಟ ಕಟ್ಟಡದ ನಾಲ್ಕು ಮಹಡಿ ಹತ್ತಿ, ಏದುಸಿರು ಬಿಡುತ್ತಾ ಬಾಗಿಲು ತಟ್ಟುತ್ತಿದ್ದರು. ಲೋಕು ತೆರೆಯಲಿಲ್ಲ. ಮೂರನೇ ಸಲ ಅವರು ಹೆಂಡತಿ ಮಾಡಿದ ಸೂಪಿನ ಫ್ಲಾಸ್ಕನ್ನು ಬಾಗಿಲ ಹೊರಗೆ ಇಟ್ಟು ಇಳಿಯತೊಡಗಿದರು. ಆಗ ಲೋಕು ಬಾಗಿಲು ತೆರೆದ, ಫ್ಲಾಸ್ಕ್ ಎತ್ತಿ ಅವರ ಹಿಂದೆಯೇ ಎಸೆದ. ಮೆಟ್ಟಿಲ ಮೇಲೆ ಅದು ಒಡೆದು ಬಿಸಿ ಸೂಪು ಅವರ ದಿಶ್‌ದಾಶಾ ನಿಲುವಂಗಿಗೆ, ಕಾಲಿಗೆ ಚೆಲ್ಲಿತು. "ಇನ್ನೊಮ್ಮೆ ಬಂದರೆ ಕೊಂದುಬಿಡ್ತೇನೆ" ಅಂತ ಒಳಗೆ ಹೋಗಿ ಬಾಗಿಲು ಜಡಿದ. ಎಪ್ಪತ್ತರ ಮನುಷ್ಯ ಬಗ್ಗಿ ಗಾಜಿನ ಚೂರು ಆರಿಸತೊಡಗಿದರು, ಯಾರ ಕಾಲಿಗಾದರೂ ಚುಚ್ಚೀತು ಅಂತ. ನಾನು ಮೆಟ್ಟಿಲ ತಿರುವಿನಲ್ಲಿ ನಿಂತಿದ್ದೆ. ನನ್ನನ್ನು ನೋಡಿ, "ಅವನ ಸಿಟ್ಟು ನ್ಯಾಯವಾದದ್ದು" ಅಂದರು. ನಾನೂ ಕೂತು ನಾಲ್ಕು ಚೂರು ಆರಿಸಿದೆ.

ಅವರು ಆಮೇಲೆ ನಟಿಸಲಿಲ್ಲ. ನಾನೂ ಕಂಪನಿ ಬಿಟ್ಟು, ಇಕಾಮಾ ಕೊಡುವ ಬೇರೆ ಕಫೀಲನನ್ನು ಹಿಡಿದೆ. ಕಳೆದ ಮಾರ್ಚಿನಲ್ಲಿ ಆ ಸೌಂಡಿನವನಿಂದ ಮೆಸೇಜ್ ಬಂತು, ಅಬು ತಲಾಲ್ ತೀರಿಕೊಂಡರು, ಹೃದಯ ನಿಂತಿತಂತೆ. ಸಂತಾಪ ಹೇಳಲು ಮನೆಗೆ ಹೋದೆ. ಸಾಲಿನಲ್ಲಿ ನಿಂತು ಕೈ ಕೊಡುವಾಗ ಅವರ ಮಗ ನನ್ನನ್ನು ಗುರುತು ಹಿಡಿದು ಪಕ್ಕಕ್ಕೆ ಕೂರಿಸಿಕೊಂಡ.

"ನೀವು ಆ ಹಿಮದ ಶೂಟಿಂಗಿಗೆ ಹೋಗಿದ್ದಿರಲ್ಲವಾ? ಅಪ್ಪ ಅಲ್ಲಿಂದ ಬಂದ ಮೇಲೆ ನನ್ನ ಮಗುವನ್ನು ಒಂದು ಸಲವೂ ಎತ್ತಿಕೊಳ್ಳಲಿಲ್ಲ. ನನ್ನ ಕೈಯ ಬಲ ನನಗೇ ಗೊತ್ತಿಲ್ಲ, ಹತ್ತಿರ ತರಬೇಡ ಅನ್ನುತ್ತಿದ್ದರು. ಅಲ್ಲಿ ಏನಾಯಿತು?"

ಮಗು ಅಲ್ಲೇ ಜಮಖಾನೆಯ ಮೇಲೆ ಆಡುತ್ತಿತ್ತು. ಅವನಿಗೂ ಹೇಳಲಿಲ್ಲ. ಎದ್ದು ಹೊರಗೆ ಬಂದು ಟ್ಯಾಕ್ಸಿ ಹಿಡಿದು ಸೀದಾ ಅಬ್ಬಾಸಿಯಾಕ್ಕೆ ಹೋದೆ.

ಶುಕ್ರವಾರ ಮಧ್ಯಾಹ್ನ. ಲೋಕು ಒಬ್ಬನೇ ಮೀನು ಸಾರು ಮಾಡುತ್ತಿದ್ದ. ಚಾಚಾ ತೀರಿಕೊಂಡರು ಅಂದೆ. "ಒಳ್ಳೆದಾಯ್ತು" ಅಂದ. ನಾನು ಬಾಗಿಲಿಗೆ ಒರಗಿ ನಿಂತು ಹೇಳತೊಡಗಿದೆ. ಮೆಟ್ಟಿಲಿಗೆ ತಾಗಿ ಟಕ್ ಅಂದದ್ದು, ಹೆಬ್ಬೆರಳಿನಲ್ಲಿ ಒತ್ತಿದ್ದು, ತೊಡೆಗೆ ಹೊಡೆದುಕೊಳ್ಳದೆ ಹೊಡೆದುಕೊಂಡೆ ಅಂದದ್ದು, ತಲೆ ಆಡಿಸಿದ್ದು, ಒಲೆಯ ಪಕ್ಕದ್ದು. ಒಂದನ್ನೂ ಬಿಡಲಿಲ್ಲ.

ಲೋಕು ಒಲೆ ಆರಿಸಿದ. ಕೈ ತೊಳೆದುಕೊಂಡ. ಆಮೇಲೆ ನನ್ನ ಬಾಯಿಗೆ ಗುದ್ದಿದ. ನಾನು ಬಿದ್ದೆ. ಎಬ್ಬಿಸಿ ಮತ್ತೆ ಗುದ್ದಿದ. ತಲೆಯನ್ನು ಗೋಡೆಗೆ ಬಡಿದ, ಬಿದ್ದವನನ್ನು ಪಕ್ಕೆಗೆ ಒದ್ದ. ಮೈ ಪಳಗಿದವನ ಪೆಟ್ಟು ಅಂದರೆ ಏನು ಅಂತ ಗೊತ್ತಾಯಿತು. ಕೇಳಿಸುತ್ತಿದ್ದದ್ದು ಅವನು ಮೂಗಿನಲ್ಲಿ ಉಸಿರಾಡುವ ಸದ್ದು ಮಾತ್ರ. ಪಕ್ಕದ ರೂಮಿನವರು ಬಂದು ಹಿಡಿದುಕೊಂಡರು, ಅವರನ್ನೂ ತಳ್ಳಿದ. ನಾನು ಕೈ ಎತ್ತಲಿಲ್ಲ. ಒಳ್ಳೆಯತನದಿಂದ ಅಲ್ಲ, ಅವನು ಅಲ್ಲೇ ಕೊಂದುಬಿಟ್ಟರೆ ಸಾಕು ಅನ್ನಿಸಿತ್ತು.

ಅವನು ಕೊಲ್ಲಲಿಲ್ಲ. ಕುಳಿತು ಸುಧಾರಿಸಿಕೊಂಡು ಕೇಳಿದ.

"ಎಲ್ಲಿ ಹುಗಿದದ್ದು?"

"ಸುಲೈಬಿಖಾತ್."

"ಏಳು. ಚಪ್ಪಲಿ ಹಾಕು."

ಕಾರಿನಲ್ಲಿ ನಾನು ಅಂಗಿಯ ತುದಿಯನ್ನು ಬಾಯಿಗೆ ಒತ್ತಿಕೊಂಡು ಕುಳಿತಿದ್ದೆ. ಗೋರಿಗಳ ಮೈದಾನ ಕಣ್ಣು ಹಾಯುವಷ್ಟು ದೂರ, ಒಂದೇ ಥರದ ಮಣ್ಣಿನ ದಿಣ್ಣೆಗಳು, ತಲೆಯ ಕಡೆ ಒಂದೊಂದು ಕಲ್ಲು. ಕಾವಲಿನವನು ನನ್ನ ಮುಖ ನೋಡಿ ಬೆಚ್ಚಿದ, ಹೆಸರು ಕೇಳಿ ದಾರಿ ತೋರಿಸಿದ. ಹೊಸ ಮಣ್ಣು ಇನ್ನೂ ಒದ್ದೆಯಾಗಿತ್ತು. ಲೋಕು ನನ್ನ ಕುತ್ತಿಗೆ ಹಿಡಿದು ಅದರ ಮುಂದೆ ಮಂಡಿಯೂರಿಸಿದ.

"ಹೇಳು. ಅವರಿಗೆ ಗೊತ್ತಾಗುವ ಭಾಷೆಯಲ್ಲಿ ಹೇಳು."

ನಾನು ಅರಬಿಯಲ್ಲಿ ಹೇಳಿದೆ. ಕೋವಿ ಕಲ್ಲಾಗಿತ್ತು, ನನಗೆ ಗೊತ್ತಿತ್ತು, ನಿಮ್ಮ ಕೈ ತಪ್ಪು ಮಾಡಲಿಲ್ಲ. ತುಟಿ ಒಡೆದಿದ್ದರಿಂದ ಮಾತು ಸರಿಯಾಗಿ ಬರುತ್ತಿರಲಿಲ್ಲ.

"ಜೋರಾಗಿ."

ಮತ್ತೆ ಹೇಳಿದೆ. ಇನ್ನೂ ಜೋರಾಗಿ ಅಂದ. ಮೂರನೇ ಸಲ ನಾನು ಅಳುತ್ತಾ ಕಿರುಚಿದೆ. ದೂರದಲ್ಲಿ ಇನ್ನೊಂದು ಗೋರಿಯ ಹತ್ತಿರ ನಿಂತವರು ತಿರುಗಿ ನೋಡಿದರು.

ಆಗ ಲೋಕು ನನ್ನ ಕುತ್ತಿಗೆ ಬಿಟ್ಟ. ಬಿಟ್ಟವನು ನನ್ನ ಪಕ್ಕದಲ್ಲೇ ಕುಸಿದು ಕುಳಿತ. ಎರಡೂ ಅಂಗೈಗಳನ್ನು ಆ ಒದ್ದೆ ಮಣ್ಣಿನ ಮೇಲೆ ಇಟ್ಟ. ಅವರಿಬ್ಬರ ನಡುವಿನ ಆ ಮುರುಕು ಹಿಂದಿಯಲ್ಲಿ, ಸತ್ತ ತುಟಿಯಿಂದ ಜಾರುವ ಮಾತಿನಲ್ಲಿ ಹೇಳಿದ:

"ಚಾಚಾ, ನೀವು ಬಾಗಿಲು ತಟ್ಟುವಾಗ ನಾನು ಒಳಗೇ ಇದ್ದೆ. ಮೂರು ಸಲವೂ ಒಳಗೇ ಇದ್ದೆ."

ಕೊನೆಗೆ ನಾನು ಎದ್ದು, ಅವನನ್ನು ಎಬ್ಬಿಸಲು ಕೈ ಚಾಚಿದೆ. ಲೋಕು ಆ ಕೈಯನ್ನು ನೋಡಿದ. ನೆಲಕ್ಕೆ ಕೈ ಊರಿ ತಾನೇ ಎದ್ದು, ಮಣ್ಣನ್ನೂ ಕೊಡವದೆ ಕಾರಿನ ಕಡೆ ನಡೆದ. ಕಾರು ಹೊರಟು ಹೋಯಿತು. ನಾನು ಅಬು ತಲಾಲ್ ಅವರ ಪಕ್ಕದಲ್ಲಿ ಉಳಿದೆ.